ಕೆಳಗಿನ ಖಾನೆ

ಗರಗಸ ಎರಡನೆಯ ಸಲವೂ ಗೆರೆ ಬಿಟ್ಟು ಆಚೆ ಹೋಯಿತು. ಒದ್ದಾಡುವ ಕೋಳಿಯನ್ನು ಅದುಮಿ ಹಿಡಿದವರ ಹಾಗೆ ಅವಳು ಹಲಗೆಯನ್ನು ಮಂಡಿಯ ಕೆಳಗೆ ಇನ್ನಷ್ಟು ಒತ್ತಿ ಮತ್ತೆ ಎಳೆದಳು. ಹಲ್ಲುಗಳು ಮರವನ್ನು ಕಚ್ಚಿಕೊಂಡು ನಿಂತುಬಿಟ್ಟವು. ಕಿತ್ತು ನೋಡಿದರೆ ಪೆನ್ಸಿಲ್ ಗೆರೆಗೂ ಸೀಳಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಅಂತರ. ಭಾನುವಾರ, ಬೆಳಗಿನ ಹತ್ತು ಗಂಟೆ. ಸಂಜೆ ನಾಲ್ಕಕ್ಕೆ ಅತ್ತೆ ಬರುತ್ತಾರೆ. ಅಷ್ಟರೊಳಗೆ ಗೊಂಬೆಯ ಬಟ್ಟೆ ಇಡುವ ಕಪಾಟು ಮುಗಿಯಬೇಕು. ಮುಗಿದರೆ ಮಗಳು ಉಳಿಯುತ್ತಾಳೆ, ಇಲ್ಲದಿದ್ದರೆ ಹೋಗುತ್ತಾಳೆ. ಹೀಗೆಂದು ಯಾರೂ ಹೇಳಿರಲಿಲ್ಲ. ಅತ್ತೆ ನಿನ್ನೆ ಫೋನಿನಲ್ಲಿ ಹೇಳಿದ್ದು ಬೇರೆ. "ನೋಡು, ಜಗಳ ಬೇಡ. ಮಗು ಬಾಯಲ್ಲೇ ಕೇಳೋಣ. ನಿನ್ನ ಹತ್ರ ಇರ್ತೀನಿ ಅಂದ್ರೆ ನಾನು ಬಾಯಿ ಮುಚ್ಕೊಂಡು ಬಂದ ಬಸ್ಸೇ ಹತ್ತೀನಿ. ನನ್ನ ಜೊತೆ ಬರ್ತೀನಿ ಅಂದ್ರೆ ನೀನು ಬಾಯಿ ಮುಚ್ಕೋಬೇಕು. ನ್ಯಾಯ ತಾನೇ?" ನ್ಯಾಯವೇ. ಫೋನು ಇಟ್ಟ ಕೂಡಲೇ ಅವಳು ಮಗಳ ಹತ್ತಿರ ಹೋಗಿ, ನಾಳೆ ನಿನ್ನ ಕಪಾಟು ಮಾಡಿಕೊಡುತ್ತೇನೆ ಎಂದಿದ್ದಳು. ಐದು ತಿಂಗಳಿಂದ ಮಗಳು ಕೇಳುತ್ತಿದ್ದದ್ದು ಅದೊಂದೇ. ಬಟ್ಟೆಗಳು ಬಿಸ್ಕತ್ತಿನ ಡಬ್ಬದಲ್ಲಿ ಮುದ್ದೆಯಾಗುತ್ತವೆ, ಗೊಂಬೆಗೆ ಬೇಜಾರಾಗುತ್ತದೆ ಎಂದು. ಮಗಳು ತಲೆ ಎತ್ತಿ, "ನಾಳೆ ಅಜ್ಜಿ ಬರ್ತಾರೆ ಅಂತಾನಾ?" ಎಂದಳು. ಏಳು ವರ್ಷದ ಬಾಯಿ. ಅವಳಿಗೆ ಅಂಗಡಿಯಲ್ಲಿ ಸುಳ್ಳು ತೂಕ ಇಟ್ಟುಕೊಂಡು ಸಿಕ್ಕಿಬಿದ್ದವರ ಮುಖ ನೆನಪಾಯಿತು. ಕಚೇರಿಯಲ್ಲಿ ದಿನಾ ನೋಡುವ ಮುಖ ಅದು.

ಹಲಗೆ ಸಿಕ್ಕಿದ್ದು ಗಂಡನ ಮೇಜಿನಿಂದ. ಬೆಳಿಗ್ಗೆ ಎದ್ದವಳೇ ಹಿಂದಿನ ಕೋಣೆಗೆ ಹೋಗಿ ಅವನ ಸುತ್ತಿಗೆಯಿಂದಲೇ ಅವನ ಮೇಜನ್ನು ಒಡೆದಿದ್ದಳು. ಮೊದಲ ಏಟಿಗೆ ಏನೂ ಆಗಲಿಲ್ಲ, ಸುತ್ತಿಗೆಯೇ ಹಿಂದೆ ಪುಟಿದು ಭುಜದವರೆಗೆ ಕೈ ಜುಮ್ಮೆಂದಿತು. ಒಂದೇ ಒಂದು ಮೊಳೆಯಿಲ್ಲದೆ, ಮರಕ್ಕೆ ಮರ ಸಿಕ್ಕಿಸಿ ಅವನೇ ಮಾಡಿದ ಮೇಜು. ಅವನು ಮಾಡಿದ್ದೆಲ್ಲ ಗಟ್ಟಿ. ರಜೆಯ ದಿನ ಈ ಕೋಣೆಯಲ್ಲಿ ಕೂತು ಕೆತ್ತುತ್ತಿದ್ದ, ಉಜ್ಜುತ್ತಿದ್ದ. ನೆರೆಯವರ ಮುರಿದ ಕುರ್ಚಿಗಳನ್ನು ಬಿಟ್ಟಿ ಸರಿ ಮಾಡಿಕೊಡುತ್ತಿದ್ದ. ಚಿನ್ನದಂಥ ಮನುಷ್ಯ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಆ ಮೇಜಿನ ಮೇಲೆ ಒಮ್ಮೆ, ಮದುವೆಯಾದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಅವಳು ಚಹಾದ ಲೋಟ ಇಟ್ಟಿದ್ದಳು. ಬಿಸಿ ಲೋಟದ ತಳ ಬಿಳಿಯ ಬಳೆಯ ಹಾಗೆ ಮರದ ಮೇಲೆ ಉಳಿಯಿತು. ಅವನು ಕೂಗಾಡಲಿಲ್ಲ, ಅವನು ಕೂಗುತ್ತಲೇ ಇರಲಿಲ್ಲ. ಕಬ್ಬಿಣದ ಸ್ಕೇಲು ತೆಗೆದುಕೊಂಡು ಅಂಚು ತಿರುಗಿಸಿ, ತೋಳಿನ ಮೇಲ್ಭಾಗಕ್ಕೆ ಹೊಡೆದ. ಉದ್ದ ತೋಳಿನ ಅಂಗಿ ಮುಚ್ಚುವ ಜಾಗ. ಎಲ್ಲವನ್ನೂ ಅಳೆದು ಮಾಡುವ ಮನುಷ್ಯ ಅದನ್ನೂ ಅಳೆದೇ ಮಾಡುತ್ತಿದ್ದ. ಇವತ್ತು ಏಳನೆಯ ಏಟಿಗೆ ಮೇಜಿನ ಒಂದು ಕಾಲು ಸಡಿಲವಾಯಿತು, ಹತ್ತನೆಯದಕ್ಕೆ ಬಿತ್ತು. ಆಮೇಲೆ ಅವಳು ನಿಲ್ಲಲಿಲ್ಲ. ಹಲಗೆಗೆ ಬೇಕಾದ್ದಕ್ಕಿಂತ ಹೆಚ್ಚು ಒಡೆದಳು. ಚೂರು ಹಾರಿ ಕೆನ್ನೆಗೆ ತಾಗಿದಾಗ ಬಾಗಿಲಲ್ಲಿ ಗೊಂಬೆ ಹಿಡಿದು ನಿಂತ ಮಗಳು ಕಾಣಿಸಿದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಮ್ಮ, ಅದು ಸತ್ತುಹೋಯ್ತು. ಸಾಕು," ಎಂದಿದ್ದಳು ಮಗಳು, ಮೇಜನ್ನು ತೋರಿಸಿ.

ಈಗ ಮಗಳು ಅದೇ ಕೋಣೆಯ ಮೂಲೆಯಲ್ಲಿ ಡಬ್ಬ ಬೋರಲು ಹಾಕಿ ಗೊಂಬೆಯ ಬಟ್ಟೆಗಳನ್ನು ಮಡಿಸುತ್ತಿದ್ದಳು. ಸುಮ್ಮನೆ ಕೂತು ಗೊತ್ತಿಲ್ಲದವಳು, ಕೂತಲ್ಲಿಂದಲೇ ಜಿಗಿಯುವವಳು. ಅದಕ್ಕೇ ಅವಳಿಗೆ ಮಿಡತೆ ಎಂದು ಹೆಸರು ಬಿದ್ದಿತ್ತು. ಬಟ್ಟೆ ಮಡಿಸುವಾಗ ಮಾತ್ರ ಮಿಡತೆ ಮುದುಕಿಯಾಗುತ್ತಿದ್ದಳು. ಅಂಗೈಯಗಲದ ಅಂಗಿಗಳು, ಬೆರಳುದ್ದದ ತೋಳುಗಳು, ಒಂದು ಕೋಟು, ಲೇಸು ಹಚ್ಚಿದ ಮೂರು ಲಂಗ, ಈಜುವ ಉಡುಪು ಕೂಡ. ಎಲ್ಲ ಕೆಳಗಿನ ಮನೆಯ ದರ್ಜಿ ಹೆಂಗಸು ಚೂರು ಬಟ್ಟೆಯಲ್ಲಿ ಹೊಲಿದುಕೊಟ್ಟವು. ಮಗಳ ಬಾಯಲ್ಲಿ ಅವರು ಸೂಜಿಯಜ್ಜಿ. ಒಂದು ಗೊಂಬೆಗೆ ಇಷ್ಟೊಂದು ಬಟ್ಟೆ ಯಾಕೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಮುದುಕಿಗೆ ಮಕ್ಕಳಿಲ್ಲ, ಅಕ್ಕರೆ ಎಂದುಕೊಂಡಿದ್ದಳು. ಮಗಳು ಎರಡು ರಾಶಿ ಮಾಡುತ್ತಿದ್ದಳು, ದೊಡ್ಡದೊಂದು, ಚಿಕ್ಕದೊಂದು. ಒಂದು ಬಟ್ಟೆ ತಪ್ಪಿ ಆಚೆಗೆ ಹೋದರೆ ಹೆಕ್ಕಿ ತಂದು ಅದರ ಜಾಗಕ್ಕೇ ಇಡುತ್ತಿದ್ದಳು.

"ಮೇಲೆ ಎರಡು ಖಾನೆ ಇರ್ಲಿ. ಕೆಳಗೆ ಒಂದು. ಕೋಟಿಗೆ ಕಡ್ಡಿ ಬೇಕು, ನೇತು ಹಾಕೋಕೆ."

"ಆಗ್ಲಿ."

"ಬಾಗಿಲಿಗೆ ಗುಂಡಿ ಹಚ್ಚು, ಹಿಡ್ಕೊಂಡು ಎಳೆಯೋಕೆ. ಅಪ್ಪನ ಅಂಗೀದು."

"ಆಗ್ಲಿ ಅಂದ್ನಲ್ಲ."

ಕೀಲು ಮನೆಯಲ್ಲಿರಲಿಲ್ಲ. ಭಾನುವಾರ ಅಂಗಡಿಯೂ ಇಲ್ಲ. ಅವಳು ಬೀರು ತೆರೆದು ಗಂಡನ ಸೊಂಟದ ಪಟ್ಟಿ ತಂದಳು. ತೊಗಲಿನ ಎರಡು ತುಂಡು ಕತ್ತರಿಸಿ ಮೊಳೆ ಹೊಡೆದರೆ ಬಾಗಿಲು ತಿರುಗುತ್ತದೆ, ಎಲ್ಲೋ ಓದಿದ್ದಳು. ಕತ್ತರಿಗೆ ಅದು ಬಗ್ಗಲಿಲ್ಲ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದಳು. ಹಳೆಯ ತೊಗಲು, ಒಳಗಿನ ಕಡೆ ಬೆವರು ಹೀರಿ ಕಪ್ಪಾಗಿತ್ತು. ಒಂದೊಂದು ಏಟಿಗೂ ಅವನ ವಾಸನೆ ಎದ್ದು ಬಂತು. ಲಾರಿ ಹಾಯ್ದು ಅವನು ಸತ್ತ ಸುದ್ದಿ ಎಂಟು ತಿಂಗಳ ಹಿಂದೆ ಕಚೇರಿಗೆ ಬಂದಾಗ ಅವಳು ಒಂದು ಕಿಲೋದ ಕಲ್ಲನ್ನು ತೂಗುತ್ತಿದ್ದಳು. ತೂಕ-ಅಳತೆಯ ಕಚೇರಿ. ಅಂಗಡಿಯವರು ತಂದ ತೂಕ, ತಕ್ಕಡಿ, ಮೀಟರು ಕಡ್ಡಿಗಳನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವ ಕೆಲಸ. ಸುದ್ದಿ ಹೇಳಿದವರ ಮುಖ ನೋಡುತ್ತ ಅವಳ ತಲೆಯಲ್ಲಿ ಹುಟ್ಟಿದ ಮೊದಲ ಮಾತು, ಇವತ್ತು ಬರುವುದಿಲ್ಲ. ಎರಡನೆಯದು, ಈ ಕಲ್ಲು ಮೂರು ಗ್ರಾಂ ಕಡಿಮೆಯಿದೆ. ಅಳು ಬರಲಿಲ್ಲ. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಹೋದಾಗ ಹಿರಿಯ ಗುಮಾಸ್ತ ಕನ್ನಡಕ ಒರೆಸುತ್ತ, ಎಲ್ಲರಿಗೂ ಕೇಳುವ ಹಾಗೆ, "ನಿಮ್ಮ ಧೈರ್ಯ ಮೆಚ್ಚಬೇಕಮ್ಮಾ. ನನ್ನ ಹೆಂಡತಿ ನಾಯಿ ಸತ್ತಿದ್ದಕ್ಕೇ ಒಂದು ತಿಂಗಳು ಅತ್ತಳು" ಎಂದಿದ್ದ. ಅವಳು ನಕ್ಕಿದ್ದಳು. ಯಾಕೆ ನಕ್ಕೆ ಎಂದು ಈಗಲೂ ಮೈ ಬಿಸಿಯಾಗುತ್ತದೆ. ಪಟ್ಟಿ ಎರಡು ತುಂಡಾಗಿ ಬಿತ್ತು.

ಪಕ್ಕದ ಹಲಗೆ ಎರಡು, ತಲೆಯ ಹಲಗೆ, ತಳ, ಬೆನ್ನಿಗೆ ತೆಳು ಹಲಗೆ. ಇಷ್ಟು ಕೂಡಿಸಿ ಮೊಳೆ ಹೊಡೆಯುವ ಹೊತ್ತಿಗೆ ಹನ್ನೆರಡಾಗಿತ್ತು. ಮೂಳೆಯೆಲ್ಲ ನೋಯುತ್ತಿದ್ದರೂ ಅವಳಿಗೆ ಒಂದು ಬಗೆಯ ಖುಷಿಯಾಗುತ್ತಿತ್ತು. ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಪೆಟ್ಟಿಗೆಯ ಹಾಗೆಯೇ ನಿಂತಿತ್ತು. ಅಡ್ಡಹಲಗೆಗಳನ್ನು ಬೆಳಿಗ್ಗೆಯೇ ಕುಯ್ದಿಟ್ಟಿದ್ದಳು. ಮೊದಲನೆಯದನ್ನು ಎತ್ತಿ ಒಳಗೆ ತೂರಿಸಿದಳು. ಹೋಗಲಿಲ್ಲ. ತಿರುಗಿಸಿದಳು. ಹೋಗಲಿಲ್ಲ. ಅವನ ಕಬ್ಬಿಣದ ಸ್ಕೇಲಿನಿಂದ ಅಳೆದಳು, ಗೆರೆಯಲ್ಲಿ ತಪ್ಪಿಲ್ಲ, ಹನ್ನೆರಡು ಅಂಗುಲ ಅಂದರೆ ಹನ್ನೆರಡೇ. ಕಪಾಟಿನ ಅಗಲವೂ ಹನ್ನೆರಡೇ. ಆಗ ಹೊಳೆಯಿತು. ಅಳೆದದ್ದು ಹೊರಗಿನಿಂದ. ಎರಡು ಪಕ್ಕದ ಹಲಗೆಗಳ ದಪ್ಪ ಕಳೆದಿರಲಿಲ್ಲ. ಮೀಟರು ಕಡ್ಡಿಯಲ್ಲಿ ಕೂದಲಿನಷ್ಟು ತಪ್ಪು ಕಂಡರೆ ಅಂಗಡಿಯವನ ಮುಖದ ಮೇಲೆ ಎಸೆಯುವವಳು, ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವಳು, ಹಲಗೆಗೆ ದಪ್ಪವಿರುತ್ತದೆ ಎಂಬುದನ್ನೇ ಮರೆತಿದ್ದಳು. ಬಾಯಲ್ಲಿ ಪೆನ್ಸಿಲು ಕಚ್ಚಿಕೊಂಡು ಅವನು ನಗುತ್ತಿದ್ದ ನಗೆ ಕಿವಿಯ ಹಿಂದೆ ಕೇಳಿಸಿತು. ಓದಿದವಳು, ಓದಿದವಳು. ಅವಳು ಅಡ್ಡಹಲಗೆಯನ್ನು ಓರೆಯಾಗಿ ಇಟ್ಟು ಸುತ್ತಿಗೆಯಿಂದ ಬಡಿದಳು. ಹೋಗು. ಮತ್ತೆ ಬಡಿದಳು. ಹೋಗುತ್ತೀಯೋ ಇಲ್ಲವೋ. ಮೂರನೆಯ ಏಟಿಗೆ ಪಕ್ಕದ ಹಲಗೆ ಮೇಲಿನಿಂದ ಕೆಳಗಿನವರೆಗೆ ಬಟ್ಟೆ ಹರಿದ ಹಾಗೆ ಸೀಳಿತು.

ಮಗಳು ಎದ್ದು ಬಂದು ಸೀಳಿದ ಜಾಗಕ್ಕೆ ಬೆರಳು ಇಟ್ಟು ನೋಡಿದಳು. "ಅಪ್ಪ ಆಗಿದ್ರೆ ಸರಿಯಾಗಿ ಮಾಡ್ತಿದ್ದ," ಎಂದಳು.

ಸ್ಕೇಲು ಅವಳ ಕೈಯಲ್ಲೇ ಇತ್ತು. ಅದು ಮೇಲೆ ಹೋದದ್ದು ಗೊತ್ತಾಗಲಿಲ್ಲ, ಕೆಳಗೆ ಬಂದದ್ದು ಗೊತ್ತಾಯಿತು. ಚಟ್ ಎಂಬ ಸದ್ದು ಕೂಡ ಸಣ್ಣದು, ಕಡ್ಡಿ ಮುರಿದ ಹಾಗೆ. ತೋಳಿನ ಮೇಲ್ಭಾಗ, ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ. ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ ಒಂದು ಗೆರೆ ಎದ್ದಿತು, ಅಷ್ಟು ನೇರವಾದ ಗೆರೆಯನ್ನು ಅವಳು ಬೆಳಗಿನಿಂದ ಒಂದೂ ಎಳೆದಿರಲಿಲ್ಲ. ಉದ್ದ ತೋಳಿನ ಅಂಗಿ ಮುಚ್ಚುವ ಜಾಗ. ಕೈಗೆ ಆ ಜಾಗ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಹುಡುಕಿಯೂ ಇರಲಿಲ್ಲ, ಅಲ್ಲಿಗೇ ಹೋಗಿ ಬಿತ್ತು. ಮಗಳು ಅಳಲಿಲ್ಲ. ತೋಳು ನೋಡಿಕೊಂಡಳು, ಅಮ್ಮನನ್ನು ನೋಡಿದಳು, ಹೊಸದೇನೂ ಅಲ್ಲ ಎನ್ನುವಂತೆ ಗೊಂಬೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಹೊರಬಾಗಿಲ ಬಳಿ ಕೂತು ಚಪ್ಪಲಿಯ ಎಡ ಬಲ ಸರಿಯಾಗಿ ನೋಡಿ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಕೆಳಗೆ ಹೊಲಿಗೆ ಮಿಷನ್ನು ಶುರುವಾಯಿತು.

ಆ ಸದ್ದನ್ನು ಅವಳು ಏಳು ವರ್ಷ ದ್ವೇಷಿಸಿದ್ದಳು. ಬಚ್ಚಲಿನ ನೆಲದ ಮೇಲೆ ಮಂಡಿಗೆ ಹಣೆ ಹಚ್ಚಿ ಕೂತಿರುವಾಗ ನೆಲದಡಿಯಿಂದ ಅದು ಬರುತ್ತಿತ್ತು, ಟಕಟಕಟಕಟಕ, ತುಳಿದಷ್ಟೂ ಜೋರಾಗಿ. ಮೇಲೆ ಒಬ್ಬಳ ಉಸಿರು ನಿಲ್ಲುತ್ತಿದೆ, ಕೆಳಗೆ ಇನ್ನೊಬ್ಬಳು ಲಂಗಕ್ಕೆ ಅಂಚು ಹೊಲಿಯುತ್ತಿದ್ದಾಳೆ. ಒಮ್ಮೆ ಅವನು ಅವಳ ಕೂದಲು ಹಿಡಿದು ತಲೆಯನ್ನು ಗೋಡೆಗೆ ಒತ್ತಿ, ಕಿವಿಯಲ್ಲಿ ಮೆಲ್ಲಗೆ, "ಕೇಳಿಸ್ಕೋ. ಲೋಕ ತನ್ನ ಕೆಲಸ ತಾನು ಮಾಡ್ತಾ ಇದೆ" ಎಂದಿದ್ದ. ಮಗಳು ಆಗೆಲ್ಲ ಎಲ್ಲಿರುತ್ತಿದ್ದಳು? ಮಲಗಿರುತ್ತಿದ್ದಳು, ಇಲ್ಲವೇ ಕೆಳಗೆ ಆಡುತ್ತಿದ್ದಳು. ಹಾಗೆಂದೇ ಅವಳು ತಿಳಿದಿದ್ದಳು, ಅಥವಾ ಅಷ್ಟನ್ನೇ ತಿಳಿದುಕೊಂಡು ಮುಂದೆ ಕೇಳದೆ ಬಿಟ್ಟಿದ್ದಳು. ಸೀಳಿದ ಹಲಗೆಗೆ ಗೋಂದು ಹಚ್ಚಿ ಹಗ್ಗ ಬಿಗಿದಳು. ಅಡ್ಡಹಲಗೆಗಳನ್ನು ಒಂದೂವರೆ ಅಂಗುಲ ಕಡಿಮೆ ಮಾಡಿ ಮತ್ತೆ ಕುಯ್ದಳು. ಈ ಸಲ ಗರಗಸ ಗೆರೆಯ ಮೇಲೆಯೇ ಹೋಯಿತು. ಮಿಷನ್ನು ನಿಂತಿತು.

ಮಗಳು ಮೇಲೆ ಬಂದಾಗ ಕೈಯಲ್ಲಿ ಹಸಿರು ಬಣ್ಣದ, ಬೆನ್ನಿಗೆ ಗುಂಡಿಯಿದ್ದ ಹೊಸ ಅಂಗಿಯಿತ್ತು. ಮೂಲೆಗೆ ಹೋಗಿ ಅದನ್ನು ನಾಲ್ಕು ಮಡಿಕೆ ಮಡಿಸಿ ಚಿಕ್ಕ ರಾಶಿಯ ಮೇಲೆ ಇಟ್ಟಳು.

"ಎಲ್ಲ ಒಂದೇ ಕಡೆ ಇಡಬಹುದಲ್ಲ ಮಗಳೇ," ಎಂದಳು ಅವಳು. ದನಿ ತನಗೇ ಜೇನು ಸವರಿದ ಹಾಗೆ ಕೇಳಿಸಿತು. "ಲಂಗ ಒಂದು ಕಡೆ, ಅಂಗಿ ಒಂದು ಕಡೆ. ಯಾಕೆ ಹೀಗೆ?"

"ಇವು ಬೇರೆ, ಇವು ಬೇರೆ."

"ಏನು ಬೇರೆ?"

ಮಿಡತೆ ದೊಡ್ಡ ರಾಶಿಯ ಮುಂದೆ ಕೂತು ಒಂದೊಂದನ್ನೇ ಬೆರಳಿನಿಂದ ಮುಟ್ಟಿದಳು, ಹೊಸ ಹುಡುಗಿಗೆ ತರಗತಿ ತೋರಿಸುವವಳ ಹಾಗೆ. "ಇದು ತಟ್ಟೆ ಒಡೆದ ದಿನದ್ದು. ಇದು ನೀನು ಬಚ್ಚಲಲ್ಲಿ ಚಿಲಕ ಹಾಕ್ಕೊಂಡಿದ್ದೆಯಲ್ಲ, ಅವತ್ತಿಂದು. ಕೋಟು ನಿನ್ನ ಹಲ್ಲು ಬಿದ್ದ ದಿನದ್ದು, ಅವತ್ತು ತುಂಬಾ ಹೊತ್ತಾಯ್ತು, ಅದಕ್ಕೇ ಕೋಟು ಹೊಲಿಯೋಕಾಯ್ತು. ಸದ್ದು ಶುರುವಾದ್ರೆ ನಾನು ಸೂಜಿಯಜ್ಜಿ ಹತ್ರ ಹೋಗ್ತೀನಿ. ಸದ್ದು ನಿಲ್ಲೋವರ್ಗೂ ಅವರು ಹೊಲೀತಾರೆ. ಇವು ಅಪ್ಪಂದು. ಇಪ್ಪತ್ತೆರಡು." ಆಮೇಲೆ ಚಿಕ್ಕ ರಾಶಿಗೆ ತಿರುಗಿದಳು. "ಇವು ನಿಂದು. ಹತ್ತು. ಇವು ಕೆಳಗಿನ ಖಾನೇಲಿ."

ಇವತ್ತಿನದೊಂದು, ಉಳಿದ ಒಂಬತ್ತು ಎಲ್ಲಿಂದ ಬಂತು ಎಂದು ಅವಳ ತಲೆ ಹುಡುಕತೊಡಗಿತು. ಹಾಲು ಚೆಲ್ಲಿದ್ದು, ಒಂದು. ಶಾಲೆಯ ಚೀಲ ಬಸ್ಸಿನಲ್ಲಿ ಬಿಟ್ಟು ಬಂದದ್ದು, ಎರಡು. ಉಳಿದವು ನೆನಪಿಗೇ ಬರಲೊಲ್ಲವು. ಅವನು ಸತ್ತ ಮೇಲೆ ಈ ಮನೆಯಲ್ಲಿ ಸದ್ದೇ ಇಲ್ಲ ಎಂದುಕೊಂಡಿದ್ದಳು. ತಟ್ಟಿದ್ದೆ, ಗದರಿದ್ದೆ, ತಲೆಗೊಂದು ಮೊಟಕಿದ್ದೆ. ಅವನು ಮಾಡುತ್ತಿದ್ದದ್ದು ಹೊಡೆತ. ಇದು ಬೇರೆ. ಬೇರೆ ಎಂದೇ ಮಗಳೂ ಬೇರೆ ರಾಶಿ ಮಾಡಿದ್ದಳು.

ಅವಳು ಹಾಗೇ ಬರಿಗಾಲಲ್ಲಿ ಕೆಳಗಿಳಿದು ಹೋದಳು. ಸೂಜಿಯಜ್ಜಿಯ ಮನೆಯೆಂದರೆ ಒಂದೇ ಕೋಣೆ. ಕಿಟಕಿಗೆ ಮಿಷನ್ನು, ಗೋಡೆಗೆ ಮಂಚ, ನಡುವೆ ಬೇರೆಯವರ ಬಟ್ಟೆ. ಮುದುಕಿ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಒಂದು ತೋಳು ಬಿಚ್ಚುತ್ತಿದ್ದರು. ಕಣ್ಣೆತ್ತಿ ನೋಡಿ ಒಂದೊಂದಾಗಿ ಸೂಜಿ ತೆಗೆದು ದಿಂಬಿಗೆ ಚುಚ್ಚಿದರು.

"ಬಾರಮ್ಮ. ಏಳು ವರ್ಷದಲ್ಲಿ ಇವತ್ತೇ ಈ ಹೊಸ್ತಿಲು ದಾಟಿರೋದು. ಕೂತ್ಕೋ. ಅಲ್ಲಲ್ಲ, ಅಲ್ಲಿ ಮದುಮಗಳ ಲಂಗ ಇದೆ, ಮರದ ಪುಡಿ ಮೆತ್ತೀಯಾ."

"ಅಕ್ಕಾ, ಆ ಬಟ್ಟೆಗಳು..."

"ಹೇಳಿದ್ಲಾ? ಹೇಳ್ತಾಳೆ ಅಂತ ಗೊತ್ತಿತ್ತು. ಅವಳ ಹೊಟ್ಟೇಲಿ ನಿಲ್ಲೋದಾದ್ರೂ ಎಷ್ಟು."

"ಸದ್ದು ಕೇಳಿಸಿದಾಗ ನೀವು ಮಿಷನ್ ತುಳೀತಿದ್ರಿ."

"ಮಗು ಕಿವಿಗೆ ಬೀಳಬಾರದಲ್ಲ. ಕಿವಿಗೆ ಹತ್ತಿ ಇಟ್ಟೆ ಮೊದಲು, ಕಿತ್ತು ಬಿಸಾಕ್ತಿದ್ಲು. ಮಿಷನ್ ತುಳಿದ್ರೆ ಸುಮ್ನೆ ಕೂತು ಸೂಜಿ ನೋಡೋಳು."

"ಮೇಲೆ ಬರಬಹುದಿತ್ತಲ್ಲ?" ಅವಳ ದನಿ ಏರಿತು. ಇಷ್ಟು ದಿನ ಗಂಟಲಲ್ಲಿದ್ದ ಮಾತು ಅದು. "ಒಂದೇ ಒಂದು ಸಲ. ಬಾಗಿಲು ತಟ್ಟಿದ್ರೆ ಸಾಕಿತ್ತು."

ಮುದುಕಿ ತೋಳನ್ನು ಕೆಳಗಿಟ್ಟರು. "ಬಂದಿದ್ದೆನಲ್ಲಮ್ಮ. ಬಾಗಿಲು ತೆಗೆದಿದ್ದು ನೀನೇ. ತುಟಿ ಒಡೆದಿತ್ತು. 'ಏನಿಲ್ಲ ಅಕ್ಕಾ, ಸ್ಟೂಲು ಬಿತ್ತು' ಅಂದೆ. ನಗ್ತಾ ಅಂದೆ. ಸ್ಟೂಲು ಬಿದ್ದ ಮನೆಗೆ ನಾನು ಏನಂತ ಮತ್ತೆ ಬರ್ಲಿ? ಇವತ್ತು ಬೆಳಿಗ್ಗೆ ಅಷ್ಟೊಂದು ಸದ್ದು ಕೇಳಿದಾಗ ಮತ್ತೊಂದು ಸ್ಟೂಲು ಅಂದ್ಕೊಂಡೆ."

ಅವಳಿಗೆ ಆ ದಿನ ನೆನಪಿರಲಿಲ್ಲ. ನಕ್ಕದ್ದು ಮಾತ್ರ ನಿಜವೆನಿಸಿತು. ಬಿಚ್ಚಿಟ್ಟ ತೋಳಿನ ನೂಲಿನ ಚೂರುಗಳು ನೆಲದ ಮೇಲೆ ಕಿತ್ತ ಕೂದಲಿನಂತೆ ಬಿದ್ದಿದ್ದವು. "ಇನ್ನು ಹೊಲೀಬೇಡಿ," ಎಂದಳು.

"ನನ್ನ ಹೊಲಿಗೆ ನಿಲ್ಸೋದು ನನ್ನ ಕೈಲಿ ಇದೆಯಾ?" ಎಂದರು ಸೂಜಿಯಜ್ಜಿ, ಬೈಗುಳವಲ್ಲದ ದನಿಯಲ್ಲಿ. ಮತ್ತೆ ಸೂಜಿಗಳನ್ನು ತುಟಿಗೆ ಕಚ್ಚಿಕೊಂಡರು. ಮಾತು ಮುಗಿದಿತ್ತು.

ಮೂರೂವರೆಗೆ ಕಪಾಟು ಮುಗಿಯಿತು. ಕೋಟು ನೇತುಹಾಕಲು ಸೈಕಲ್ಲಿನ ಕಡ್ಡಿ, ತಂತಿ ಬಗ್ಗಿಸಿ ಮಾಡಿದ ಆರು ಹ್ಯಾಂಗರು, ತೊಗಲಿನ ಕೀಲು, ಎರಡು ಬಾಗಿಲಿಗೂ ಒಂದೊಂದು ಬಿಳಿ ಗುಂಡಿ. ಗೋಂದಿನ ಗೆರೆ ಪಕ್ಕದಲ್ಲಿ ಹಳದಿಯಾಗಿ ಕಾಣುತ್ತಿತ್ತು. ಮಗಳು ಬಟ್ಟೆ ಜೋಡಿಸಿದಳು, ಇಪ್ಪತ್ತೆರಡು ಮೇಲೆ, ಹತ್ತು ಕೆಳಗೆ. ಮೇಲೆ ಒತ್ತೊತ್ತಾಗಿ ತುಂಬಿತು. ಕೆಳಗೆ ಇನ್ನೂ ಅರ್ಧ ಖಾಲಿ ಉಳಿಯಿತು. ಅವಳು ಆ ಅರ್ಧವನ್ನೇ ನೋಡುತ್ತ ಮರದ ಪುಡಿಯಲ್ಲಿ ಕೂತಿದ್ದಾಗ ಅತ್ತೆ ಬಂದರು.

ಅತ್ತೆಯದು ಗಟ್ಟಿ ದೇಹ, ಗಟ್ಟಿ ಹೆಜ್ಜೆ. ಬಾಗಿಲಲ್ಲೇ ಚೀಲ ಇಳಿಸಿ ಮೊಮ್ಮಗಳ ಗಲ್ಲ ಹಿಂಡಿದರು, ತಂದ ಹೊಸ ಅಂಗಿ ಮೈಗೆ ಹಿಡಿದು ನೋಡಿದರು. ತೋಳಿನ ಮೇಲಿನ ಗೆರೆ ಕಂಡಿತು. ಅದರ ಮೇಲೆ ಹೆಬ್ಬೆರಳು ಆಡಿಸಿ, ಏನೂ ಕೇಳದೆ, ತೋಳನ್ನು ಕೆಳಗೆ ಬಿಟ್ಟರು. ಕೇಳಿದ್ದರೆ ಅವಳು ಹೇಳಲು ಸಿದ್ಧಳಾಗಿದ್ದಳು. ಅತ್ತೆ ಕೇಳಲಿಲ್ಲ, ಕಪಾಟಿನ ಕಡೆ ತಿರುಗಿದರು.

"ಇದೇನೇ, ಈ ಚಿಂದಿಗೆಲ್ಲ ಕಪಾಟು ಬೇರೆ! ನನ್ನ ಮಗನ ಮೇಜು ಒಡೆದು ಮಾಡಿದ್ದಾ? ಅವನು ಆರು ತಿಂಗಳು ಉಜ್ಜಿದ ಮೇಜು ಕಣೇ. ಹೋಗ್ಲಿ, ಸತ್ತವನಿಗೆ ಮೇಜು ಯಾಕೆ." ಅತ್ತೆ ಕೂತು ಬಾಗಿಲು ತೆರೆದರು. "ಬಾ ಬಂಗಾರಿ, ಗೊಂಬೆ ಬಟ್ಟೆ ಕಟ್ಕೋ. ಅಜ್ಜಿ ಮನೇಲಿ ಇದಕ್ಕಿಂತ ದೊಡ್ಡ ಕಪಾಟಿದೆ." ಮೇಲಿನದು ಕೆಳಗಿನದು ಎಲ್ಲವನ್ನೂ ಎರಡೂ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬತೊಡಗಿದರು.

"ಬೇಡ ಅಜ್ಜಿ! ಕಲಸಬೇಡಿ! ಅದು ಬೇರೆ!"

"ಏನು ಬೇರೆ, ಎಲ್ಲ ಚಿಂದಿನೇ."

ಮಿಡತೆ ಜಿಗಿದಳು. ನೆಲದ ಮೇಲಿದ್ದ ಸ್ಕೇಲು ಅವಳ ಕೈಗೆ ಹೇಗೆ ಬಂತೋ, ಎರಡು ಸಲ, ಮೂರು ಸಲ, ಅಜ್ಜಿಯ ಮುಂಗೈ ಮೇಲೆ ಬಿತ್ತು. ಚಪ್ಪಟೆಯಾಗಿ ಅಲ್ಲ, ಅಂಚಿನಿಂದ. ಹಲ್ಲು ಕಚ್ಚಿದ ಪುಟ್ಟ ಮುಖ ಬಿಳಿಚಿಕೊಂಡಿತ್ತು. ಒಂದು ಕೂಗಿಲ್ಲ. ಬಟ್ಟೆಗಳು ಚೆಲ್ಲಿದವು. ಅತ್ತೆಯ ಮುಂಗೈಯಲ್ಲಿ ಚರ್ಮ ಬಿರಿದು ರಕ್ತದ ಹನಿ ಸಾಲಾಗಿ ಮೂಡಿತು. ಅತ್ತೆ ಅದನ್ನು ನೋಡಿದರು, ಮೊಮ್ಮಗಳನ್ನು ನೋಡಿದರು, ಆಮೇಲೆ ಮುಖವೆಲ್ಲ ಅರಳಿ ನಕ್ಕರು.

"ಅಬ್ಬಬ್ಬಾ! ನೋಡೇ, ನೋಡು! ಥೇಟ್ ಅವನ ಕೈ! ನನ್ನ ಮಗನ ಕೈ! ಅವನೂ ಹೀಗೇ, ಇಷ್ಟುದ್ದ ಇದ್ದಾಗಲೇ ನನ್ನ ಹಣೆ ಒಡೆದಿದ್ದ. ಇಲ್ನೋಡು, ಕಲೆ ಇನ್ನೂ ಇದೆ." ಮಗುವಿನ ಮುಷ್ಟಿಯನ್ನು ಸ್ಕೇಲಿನ ಸಮೇತ ಎತ್ತಿ ಮುತ್ತಿಟ್ಟರು. ಕಣ್ಣಲ್ಲಿ ನೀರು ಬಂದಿತ್ತು. "ಹೋದ ಅಂದ್ಕೊಂಡಿದ್ದೆ. ಎಲ್ಲಿ ಹೋದ, ಇಲ್ಲೇ ಇದ್ದಾನೆ."

"ಅವರು ನನ್ನನ್ನ ಹೊಡೀತಿದ್ರು, ಅತ್ತೆ," ಎಂದಳು ಅವಳು. ಮೊದಲ ಸಲ ಹೇಳುತ್ತಿದ್ದಳು. ಹೇಳಿದರೆ ಗೋಡೆಗಳು ಬೀಳುತ್ತವೆ ಎಂದು ಏಳು ವರ್ಷ ಹೇಳದೆ ಇದ್ದ ಮಾತು.

"ಗೊತ್ತು ಬಿಡು," ಎಂದರು ಅತ್ತೆ, ಮುಂಗೈಯ ರಕ್ತವನ್ನು ಗೊಂಬೆಯ ಒಂದು ಲಂಗದಿಂದ ಒರೆಸಿಕೊಳ್ಳುತ್ತ. "ಯಾವ ಮನೇಲಿ ಇಲ್ಲ?"

"ನಾನು ಇವಳನ್ನ ಹೊಡೀತೀನಿ. ಎಂಟು ತಿಂಗಳಲ್ಲಿ ಹತ್ತು ಸಲ."

"ಎಣಿಸಿ ಬೇರೆ ಇಟ್ಟಿದ್ದೀಯಾ? ಆಫೀಸಿನ ಬುದ್ಧಿ. ಹೊಡೆಯದೆ ಮಕ್ಕಳು ಬೆಳೀತಾವಾ? ನಿನ್ನ ಮಾವ ಇವಳಪ್ಪನ ಬೆನ್ನ ಮೇಲೆ ಎಷ್ಟು ಬೆತ್ತ ಮುರಿದ್ರು ಅಂತ ನಾನು ಎಣಿಸಿದ್ನಾ? ಬೆಳೀಲಿಲ್ವಾ, ಚಿನ್ನದ ಹಾಗೆ?" ಅತ್ತೆ ಎದ್ದು ನಿಂತರು. "ಆಯ್ತು, ಐದೂವರೆಗೆ ಬಸ್ಸು. ಮಾತು ಅಂದ್ರೆ ಮಾತು. ಹೇಳು ಬಂಗಾರಿ, ಯಾರ ಹತ್ರ ಇರ್ತೀಯಾ? ನಿಮ್ಮಮ್ಮನ ಹತ್ರವೋ, ನನ್ನ ಹತ್ರವೋ?"

ಮಗಳು ನೆಲದ ಮೇಲೆ ಕೂತು ಚೆಲ್ಲಿದ ಬಟ್ಟೆಗಳನ್ನು ಮತ್ತೆ ಬೇರೆ ಬೇರೆ ಮಾಡತೊಡಗಿದ್ದಳು. ಅವಳು ಕಪಾಟಿನ ಕಡೆ ನೋಡಿದಳು. ಕಪಾಟು ಅಲ್ಲೇ ಇದೆ, ಬಿಳಿ ಗುಂಡಿಗಳಿವೆ, ಕೇಳಿದ್ದೆಲ್ಲ ಮಾಡಿದ್ದಾಗಿದೆ. ಹೇಳು, ಅಮ್ಮ ಅನ್ನು.

"ಸೂಜಿಯಜ್ಜಿ ಹತ್ರ," ಎಂದಳು ಮಗಳು, ತಲೆ ಎತ್ತದೆ.

"ಅದಲ್ಲ ಕಣೇ. ಇಬ್ಬರಲ್ಲಿ ಯಾರು?"

"ಸೂಜಿಯಜ್ಜಿ."

ಅತ್ತೆ ಸೊಸೆಯ ಕಡೆ ತಿರುಗಿ ನಕ್ಕರು. ಅವಳಿಗೂ ನಗು ಬಂತು. ಮಕ್ಕಳ ಮಾತು, ಅದಕ್ಕೇನು ಅರ್ಥ, ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತನ್ನ ಬಲಗೈ ಮಗಳ ತೋಳನ್ನು ಹಿಡಿದಿರುವುದು ಕಾಣಿಸಿತು. ಎಬ್ಬಿಸಲು, ಅಲುಗಾಡಿಸಲು, ಸರಿಯಾದ ಉತ್ತರ ಹೇಳಿಸಲು. ಬೆರಳುಗಳು ಆ ಕೆಂಪು ಗೆರೆಯ ಮೇಲೆಯೇ ಕೂತಿದ್ದವು, ಮಗಳು ತೋಳು ಎಳೆದುಕೊಳ್ಳಲೂ ಇಲ್ಲ, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅವಳು ಒಂದೊಂದೇ ಬೆರಳು ಬಿಡಿಸಿದಳು. ಬಿಗಿಯಾಗಿ ಹೊಡೆದ ಮೊಳೆ ಕಿತ್ತಷ್ಟು ಕಷ್ಟವಾಯಿತು.

"ಮಗು ಬಾಯಲ್ಲೇ ಕೇಳೋಣ ಅಂದಿದ್ದು ನೀವು, ಅತ್ತೆ. ಹೇಳಿದ್ದಾಳೆ."

"ಹುಚ್ಚು ಹಿಡೀತಾ ನಿನಗೆ? ಯಾರೋ ಬಟ್ಟೆ ಹೊಲಿಯೋಳ ಮನೇಲಿ ನಮ್ಮ ಮನೆ ಮಗು?"

"ಒಂದು ಮಹಡಿ ಕೆಳಗೆ."

"ನಾಲ್ಕು ಜನ ಏನಂತಾರೆ?"

"ಸ್ಟೂಲು ಬಿತ್ತು ಅಂತ ಹೇಳ್ತೀನಿ," ಎಂದಳು ಅವಳು. ಅತ್ತೆಗೆ ಅರ್ಥವಾಗಲಿಲ್ಲ. ಅವರು ಅವಳನ್ನೂ ಅವಳ ಓದನ್ನೂ ಅವಳನ್ನು ಹೆತ್ತವರನ್ನೂ ಬಯ್ಯುತ್ತಲೇ ಮೆಟ್ಟಿಲು ಇಳಿದು ಹೋದರು. ಬೀದಿಯ ಕೊನೆಯವರೆಗೂ ಆ ದನಿ ಕೇಳಿಸಿತು.

ಕಪಾಟು ಭಾರವಾಗಿತ್ತು. ಎದೆಗೆ ಅವುಚಿಕೊಂಡು, ಕಾಲಿನಿಂದ ಮೆಟ್ಟಿಲು ಹುಡುಕುತ್ತ ಅವಳು ಕೆಳಗಿಳಿದಳು. ಹಿಂದೆ ಮಗಳು ಡಬ್ಬ, ಗೊಂಬೆ, ತನ್ನ ದಿಂಬು ಹಿಡಿದು ಬಂದಳು. ಸೂಜಿಯಜ್ಜಿ ಮಿಷನ್ನಿನಿಂದ ಎದ್ದು ಎಲ್ಲ ಕೇಳಿಸಿಕೊಂಡರು. ಆಗಲೇ ಬಾಗಿಲು ತೆರೆದಿತ್ತು, ಅತ್ತೆಯ ಬೈಗುಳದಲ್ಲಿ ಅರ್ಧ ಅವರಿಗೂ ಸಂದಿತ್ತು.

"ಎಷ್ಟು ದಿನ?"

"ಗೊತ್ತಿಲ್ಲ ಅಕ್ಕಾ. ಈ ಕೈ ನನ್ನ ಮಾತು ಕೇಳೋವರೆಗೂ. ಸಂಜೆ ಆಫೀಸಿಂದ ಬಂದು ಇಲ್ಲೇ ಕೂತಿರ್ತೀನಿ. ನಿಮ್ಮ ಮುಂದೆ."

ಮುದುಕಿ ಅವಳ ಮುಖವನ್ನು ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವ ಹಾಗೆ ನೋಡಿದರು. "ನನ್ನ ಗೊರಕೆಗೆ ಹೆದರಲ್ಲ ಅಂದ್ರೆ ಇರ್ಲಿ. ನನ್ನ ಗಂಡನೇ ಆ ಗೊರಕೆಗೆ ಓಡಿಹೋಗಿದ್ದು." ಮಗಳು ಕಿಲಕಿಲ ನಕ್ಕಳು. ಬೆಳಗಿನಿಂದ ಮೊದಲ ಸಲ. ಮಂಚದ ಪಕ್ಕದಲ್ಲಿ ಕಪಾಟು ಇಟ್ಟದ್ದಾಯಿತು, ಬಾಗಿಲು ಸ್ವಲ್ಪ ಓರೆಯಾಗಿ ನಿಂತಿತು. ದಿಂಬನ್ನು ಗೋಡೆಯ ಕಡೆ ಹಾಕಿದ್ದಾಯಿತು. ಇನ್ನು ಅವಳಿಗೆ ಅಲ್ಲಿ ಕೆಲಸವಿರಲಿಲ್ಲ.

ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು. ಮುತ್ತು ಕೊಡುತ್ತಾಳೇನೋ ಎಂದು ಅವಳು ಬಗ್ಗಿದಳು.

"ಅಮ್ಮ, ನಾಳೆ ಬರ್ತೀಯಲ್ಲ, ಸುಮ್ನೆ ಒಳಗೆ ಬರಬೇಡ. ತಟ್ಟು. ನಾನು ಯಾರು ಅಂತ ಕೇಳ್ತೀನಿ. ಆಮೇಲೆ ತೆಗೀತೀನಿ."

"ಆಗ್ಲಿ."

"ಈಗ ತಟ್ಟಿ ನೋಡು. ಜೋರಾಗಿ ಬೇಡ."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದದ್ದು ಕೇಳಿಸಿತು. ಅವಳು ಮರದ ಮುಂದೆ ನಿಂತು ಬಲಗೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಗಾಳಿಯಲ್ಲಿ ಅದನ್ನು ಸ್ವಲ್ಪ ಹಿಂದಕ್ಕೆ ತಂದು, ಎಷ್ಟು ಮೆಲ್ಲಗೆ ಬೀಳಬೇಕೆಂದು ಯೋಚಿಸಿ, ಎರಡು ಬೆರಳಿನ ಗೆಣ್ಣಿನಿಂದ ತಟ್ಟಿದಳು. ಒಳಗೆ ಮಾತಿಲ್ಲ. ಮತ್ತೆ ತಟ್ಟಿದಳು, ಇನ್ನೂ ಮೆಲ್ಲಗೆ.

"ಯಾರು?" ಎಂದಿತು ಒಳಗಿನ ದನಿ.

"ನಾನು," ಎಂದಳು.

"ನಾನು ಅಂದ್ರೆ?"

ಅವಳು ಹೇಳಿದಳು. ಚಿಲಕ ಸರಿಯುವುದನ್ನು ಕಾಯುತ್ತ ನಿಂತಳು.